ಐರನ್ ಲಂಗ್ (ವಿಡಿಯೊ ಆಟ)

ಐರನ್ ಲಂಗ್ ಎಂಬುದು ಅಮೆರಿಕದ ಡೇವಿಡ್ ಶಿಮಾನ್ಸ್ಕಿ ಅವರು ರಚಿಸಿ, ತಾವೇ ಪ್ರಕಟಿಸಿದ ಕಿರು ಅವಧಿಯ ಭಯಾನಕ ವಿಡಿಯೊ ಆಟ. ಇದು 2022ರ ಮಾರ್ಚ್ ತಿಂಗಳಿನಲ್ಲಿ ವಿಂಡೋಸ್ ಗಣಕಗಳಿಗಾಗಿ ಬಿಡುಗಡೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇದರ ನಿಂಟೆಂಡೊ ಸ್ವಿಚ್ ಆವೃತ್ತಿಯೂ ಹೊರಬಂದಿತು. ರಕ್ತದಿಂದ ತುಂಬಿದ ಸಮುದ್ರವೊಂದರ ಆಳದಲ್ಲಿ, ಹೊರಗಿನದೇನೂ ಕಾಣದಂತೆ ಮುಚ್ಚಲಾದ ಸಣ್ಣ ಜಲಾಂತರ್ಗಾಮಿ ನೌಕೆಯನ್ನು ಒಬ್ಬಂಟಿಯಾಗಿ ನಡೆಸುವುದು ಈ ಆಟದ ವಸ್ತು. ಆಡಿ ಮುಗಿಸಲು ಸುಮಾರು ಒಂದು ಗಂಟೆ ಸಾಕಾಗುತ್ತದೆ.

ಮಿತವಾದ ಸಾಧನಗಳಿಂದ ತೀವ್ರವಾದ ಭಯವನ್ನು ಉಂಟುಮಾಡುವ ಕೃತಿಯೆಂದು ಈ ಆಟವನ್ನು ಮೆಚ್ಚಲಾಗಿದೆ. ಅವಧಿ ತೀರ ಕಡಿಮೆ, ಕಥೆ ಅಪೂರ್ಣ, ಚಾಲನೆ ನಿಧಾನ ಎಂಬ ಆಕ್ಷೇಪಗಳೂ ಇದರ ಮೇಲಿವೆ. ಮೆಚ್ಚುಗೆ ಮತ್ತು ಆಕ್ಷೇಪ ಎರಡಕ್ಕೂ ಬಹುಮಟ್ಟಿಗೆ ಒಂದೇ ನಿರ್ಧಾರ ಕಾರಣವಾಗಿದೆ: ಆಟಗಾರರಿಗೆ ಕಿಟಕಿಯನ್ನು ಕೊಡದಿರುವುದು. 2023ರ ಜೂನ್‌ನಲ್ಲಿ ಟೈಟನ್ ಎಂಬ ಜಲಾಂತರ್ಗಾಮಿ ವಾಹನವು ಅಟ್ಲಾಂಟಿಕ್ ಸಾಗರದಲ್ಲಿ ನಾಶವಾದಾಗ ಈ ಆಟವು ಅನಿರೀಕ್ಷಿತವಾಗಿ ಮತ್ತೆ ಚರ್ಚೆಗೆ ಬಂದಿತು. ಇದನ್ನು ಆಧರಿಸಿದ ಚಲನಚಿತ್ರವೊಂದು 2026ರಲ್ಲಿ ತೆರೆಕಂಡಿದೆ.

ಹೆಸರಿನ ಅರ್ಥ

ಐರನ್ ಲಂಗ್ ಎಂದರೆ ಕಬ್ಬಿಣದ ಶ್ವಾಸಕೋಶ. ಇದು ಮೂಲತಃ ಒಂದು ವೈದ್ಯಕೀಯ ಯಂತ್ರದ ಹೆಸರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಅಗಾಸಿಜ್ ಶಾ ಅವರು ರೂಪಿಸಿದ ಈ ಯಂತ್ರವನ್ನು 1928ರಲ್ಲಿ ಬಾಸ್ಟನ್ ನಗರದಲ್ಲಿ ಮೊದಲ ಬಾರಿಗೆ ಪೋಲಿಯೊ ರೋಗಿಯೊಬ್ಬರ ಮೇಲೆ ಬಳಸಲಾಯಿತು. ಪೋಲಿಯೊದಿಂದ ಉಸಿರಾಟದ ಸ್ನಾಯುಗಳು ನಿಷ್ಕ್ರಿಯವಾದ ರೋಗಿಯನ್ನು ಲೋಹದ ಉರುಳೆಯಾಕಾರದ ಪೆಟ್ಟಿಗೆಯೊಳಗೆ ಮಲಗಿಸಲಾಗುತ್ತಿತ್ತು. ತಲೆ ಮಾತ್ರ ಹೊರಗೆ ಉಳಿಯುತ್ತಿತ್ತು. ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡವನ್ನು ತಗ್ಗಿಸಿದಾಗ ಎದೆ ಹಿಗ್ಗಿ ಉಸಿರು ಒಳಬರುತ್ತಿತ್ತು, ಏರಿಸಿದಾಗ ಹೊರಹೋಗುತ್ತಿತ್ತು. 1952ರಲ್ಲಿ ಪೋಲಿಯೊಗೆ ತುತ್ತಾದ ಅಮೆರಿಕದ ಪಾಲ್ ಅಲೆಕ್ಸಾಂಡರ್ ಅವರು ಏಳು ದಶಕಗಳಿಗೂ ಹೆಚ್ಚು ಕಾಲ ಈ ಯಂತ್ರದ ಆಸರೆಯಲ್ಲಿ ಬಾಳಿ, 2024ರ ಮಾರ್ಚ್‌ನಲ್ಲಿ ನಿಧನರಾದರು.

ಆಟದಲ್ಲಿ ಇದು ಜಲಾಂತರ್ಗಾಮಿ ನೌಕೆಗೆ ಇಟ್ಟಿರುವ ಅಡ್ಡಹೆಸರು. ಇಲ್ಲಿಯೂ ಒಬ್ಬ ಮನುಷ್ಯ ಲೋಹದ ಪೆಟ್ಟಿಗೆಯೊಳಗೆ ಬಂಧಿ, ಅವನ ಉಸಿರು ಆ ಪೆಟ್ಟಿಗೆಯನ್ನೇ ಅವಲಂಬಿಸಿದೆ. ಆಸ್ಪತ್ರೆಯ ಯಂತ್ರದಲ್ಲಿ ಒತ್ತಡವು ಜೀವ ಉಳಿಸುವ ಸಾಧನ. ನೌಕೆಯ ವಿಷಯದಲ್ಲಾದರೋ ಹೊರಗಿನ ಒತ್ತಡವು ಯಾವ ಕ್ಷಣದಲ್ಲಾದರೂ ಜೀವ ತೆಗೆಯಬಹುದು.

ಹಿನ್ನೆಲೆ

ದೊಡ್ಡ ಪ್ರಕಾಶನ ಸಂಸ್ಥೆಗಳ ಬಂಡವಾಳವಿಲ್ಲದೆ ಒಬ್ಬ ವ್ಯಕ್ತಿ ಅಥವಾ ಸಣ್ಣ ತಂಡ ರಚಿಸುವ ಆಟಗಳನ್ನು ಸ್ವತಂತ್ರ ಆಟಗಳು ಅಥವಾ ಇಂಡೀ ಆಟಗಳು ಎನ್ನುತ್ತಾರೆ. ಇಂಥ ರಚನಕಾರರಲ್ಲಿ ಅನೇಕರು ಭಯಾನಕ ಪ್ರಕಾರವನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಕತ್ತಲೆ, ಮೌನ, ಒಂದೇ ಕೋಣೆ, ಒಂಟಿ ಪಾತ್ರ ಇವೆಲ್ಲ ಕಡಿಮೆ ವೆಚ್ಚದಲ್ಲಿ ಸಾಧ್ಯವಾಗುವಂಥವು. ಅವೇ ಭಯಕ್ಕೂ ಬೇಕಾದ ಸಾಮಗ್ರಿಗಳು. ಸ್ವೀಡನ್ ದೇಶದ ಫ್ರಿಕ್ಷನಲ್ ಗೇಮ್ಸ್ ಸಂಸ್ಥೆಯು 2010ರಲ್ಲಿ ಹೊರತಂದ ಅಮ್ನೀಷಿಯ: ದ ಡಾರ್ಕ್ ಡಿಸೆಂಟ್ ಆಟದಲ್ಲಿ ಆಟಗಾರರಿಗೆ ಆಯುಧವೇ ಇರಲಿಲ್ಲ. 2012ರಲ್ಲಿ ಉಚಿತವಾಗಿ ಬಿಡುಗಡೆಯಾದ ಸ್ಲೆಂಡರ್: ದ ಎಯ್ಟ್ ಪೇಜಸ್ ಆಟದಲ್ಲಿ ಕತ್ತಲ ಕಾಡಿನಲ್ಲಿ ಎಂಟು ಹಾಳೆಗಳನ್ನು ಹುಡುಕುವುದಷ್ಟೇ ಕೆಲಸ. ಇವುಗಳನ್ನು ಆಡುವವರ ಬೆದರಿದ ಮುಖಗಳನ್ನು ಯೂಟ್ಯೂಬ್‌ನಲ್ಲಿ ಲಕ್ಷಾಂತರ ಜನ ನೋಡಿದರು. ಕಿರು ಭಯಾನಕ ಆಟವೆಂಬ ಪ್ರಕಾರ ಬೆಳೆಯಲು ಇದೂ ನೆರವಾಯಿತು.

ಶಿಮಾನ್ಸ್ಕಿ ಅವರು ಈ ಪ್ರಕಾರದಲ್ಲಿಯೇ ಕೈ ಪಳಗಿಸಿಕೊಂಡವರು. ಫಿಂಗರ್‌ಬೋನ್ಸ್, ದ ಮೂನ್ ಸ್ಲಿವರ್, ದ ಮ್ಯೂಸಿಕ್ ಮಷೀನ್ ಮೊದಲಾದ ಕಿರು ಆಟಗಳು ಅವರ ಆರಂಭದ ರಚನೆಗಳು. 2018ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಡಸ್ಕ್ ಎಂಬ ವೇಗದ ಗುಂಡಿನ ಕಾಳಗದ ಆಟವು ಅವರಿಗೆ ವ್ಯಾಪಕ ಹೆಸರನ್ನು ತಂದುಕೊಟ್ಟಿತು. ಡಸ್ಕ್‌ನಲ್ಲಿ ಓಟ, ಜಿಗಿತ, ಗುಂಡು ಇವೇ ಪ್ರಧಾನ. ಅದಾದ ನಾಲ್ಕು ವರ್ಷಗಳ ಬಳಿಕ ಬಂದ ಐರನ್ ಲಂಗ್‌ನಲ್ಲಿ ಆಟಗಾರರು ಕೆಲವೇ ಹೆಜ್ಜೆಗಳಷ್ಟು ಜಾಗದಲ್ಲಿ ಮಾತ್ರ ಓಡಾಡಬಲ್ಲರು.

ಕಥಾವಸ್ತು

ಕಥೆ ನಡೆಯುವುದು ದೂರದ ಭವಿಷ್ಯದಲ್ಲಿ. ಕೆಲವು ದಶಕಗಳ ಹಿಂದೆ ಎಲ್ಲ ನಕ್ಷತ್ರಗಳೂ ಮನುಷ್ಯರು ವಾಸಿಸಬಹುದಾದ ಎಲ್ಲ ಗ್ರಹಗಳೂ ಒಮ್ಮೆಗೇ ಮಾಯವಾಗಿವೆ. ಈ ಘಟನೆಯನ್ನು ಕ್ವಯಟ್ ರ‍್ಯಾಪ್ಚರ್ ಎಂದು ಕರೆಯಲಾಗಿದೆ. ರ‍್ಯಾಪ್ಚರ್ ಎಂಬುದು ಲೋಕಾಂತ್ಯದಲ್ಲಿ ದೇವರು ಭಕ್ತರನ್ನು ಮೇಲಕ್ಕೆ ಎತ್ತಿಕೊಳ್ಳುವನೆಂಬ ಕೆಲವು ಕ್ರೈಸ್ತ ಪಂಗಡಗಳ ನಂಬಿಕೆಗೆ ಸಂಬಂಧಿಸಿದ ಪದ. ಇಲ್ಲಿ ಅದು ಸದ್ದಿಲ್ಲದೆ, ಯಾವ ವಿವರಣೆಯೂ ಇಲ್ಲದೆ ಆಗಿಹೋಗಿದೆ. ಆ ಸಮಯದಲ್ಲಿ ಬಾಹ್ಯಾಕಾಶ ನಿಲ್ದಾಣಗಳಲ್ಲಿಯೂ ನೌಕೆಗಳಲ್ಲಿಯೂ ಇದ್ದವರು ಮಾತ್ರ ಬದುಕುಳಿದಿದ್ದಾರೆ. ಅವರ ಬಳಿ ಇರುವ ಸಾಮಗ್ರಿಗಳು ದಿನೇ ದಿನೇ ಕರಗುತ್ತಿವೆ.

ಎಟಿ-5 ಎಂಬ ನಿರ್ಜನ ಉಪಗ್ರಹದಲ್ಲಿ ರಕ್ತದ ಸಮುದ್ರವೊಂದು ಪತ್ತೆಯಾಗುತ್ತದೆ. ಅದರಲ್ಲಿ ಮಾನವಕುಲಕ್ಕೆ ಉಪಯುಕ್ತವಾದುದೇನಾದರೂ ಇರಬಹುದೇ ಎಂದು ಪರೀಕ್ಷಿಸಲು ಒಬ್ಬ ಕೈದಿಯನ್ನು ಕಳುಹಿಸಲಾಗುತ್ತದೆ. ಕೆಲಸ ಮುಗಿಸಿ ಬಂದರೆ ಬಿಡುಗಡೆ ಎಂಬ ಭರವಸೆ ಅವನಿಗೆ ದೊರೆತಿದೆ. ಅವನಿಗೆ ಕೊಟ್ಟಿರುವುದು ಹಳೆಯ, ತುಕ್ಕು ಹಿಡಿದ ನೌಕೆ. ಬಾಗಿಲನ್ನು ಹೊರಗಿನಿಂದ ಬೆಸುಗೆ ಹಾಕಿ ಮುಚ್ಚಲಾಗಿದೆ. ಆಳದ ಒತ್ತಡವನ್ನು ಗಾಜು ತಡೆಯಲಾರದೆಂಬ ಕಾರಣಕ್ಕೆ ಮುಂದಿನ ಕಿಟಕಿಯನ್ನೂ ಲೋಹದಿಂದ ಮುಚ್ಚಲಾಗಿದೆ. ಈ ಕಾರಣ ಭೌತಶಾಸ್ತ್ರಕ್ಕೆ ವಿರುದ್ಧವಾದುದಲ್ಲ. ಭೂಮಿಯ ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ; ಆಳಕ್ಕಿಳಿಯುವ ನೌಕೆಗಳಲ್ಲಿ ಕಿಟಕಿಯ ಭಾಗವು ನಿರ್ಮಾಣಕಾರರಿಗೆ ಎಂದಿಗೂ ಚಿಂತೆಯ ವಿಷಯವೇ.

ಗುರುತಿಸಲಾದ ಸ್ಥಳಗಳ ಚಿತ್ರಗಳನ್ನು ಒಂದೊಂದಾಗಿ ತೆಗೆಯುತ್ತ ಸಾಗಿದಂತೆ, ಆ ಸಮುದ್ರದಲ್ಲಿ ಜೀವವಿದೆ ಎಂಬುದು ಸ್ಪಷ್ಟವಾಗತೊಡಗುತ್ತದೆ. ಕೊನೆಯಲ್ಲಿ ಬೃಹದಾಕಾರದ ಜೀವಿಯೊಂದು ನೌಕೆಯನ್ನು ಒಡೆದು ಒಳನುಗ್ಗುತ್ತದೆ. ಕೈದಿಗೆ ಬಿಡುಗಡೆ ದೊರೆಯುವುದಿಲ್ಲ.

ಆಟದ ವಿಧಾನ

ಆಟವು ಪಾತ್ರದ ಕಣ್ಣಿನಿಂದಲೇ ನೋಡುವ ಕ್ರಮದಲ್ಲಿದೆ. ನೌಕೆಯ ಒಳಭಾಗ ಒಂದು ಸಣ್ಣ ಕೋಣೆಯಷ್ಟೇ ಇದೆ. ಅಲ್ಲಿರುವ ಮುಖ್ಯ ಸಾಧನಗಳು ಇವು:

ನಿಯಂತ್ರಣ ಫಲಕ: ಮುಂದೆ ಹಾಗೂ ಹಿಂದೆ ಸಾಗಲು, ಎಡಕ್ಕೆ ಹಾಗೂ ಬಲಕ್ಕೆ ತಿರುಗಲು ಗುಂಡಿಗಳಿವೆ. ನೌಕೆಯ ಸ್ಥಾನವನ್ನು ಎಕ್ಸ್ ಮತ್ತು ವೈ ನಿರ್ದೇಶಾಂಕಗಳಲ್ಲಿಯೂ, ದಿಕ್ಕನ್ನು ಡಿಗ್ರಿಗಳಲ್ಲಿಯೂ ಇದು ತೋರಿಸುತ್ತದೆ.

ನಕ್ಷೆ: ಸಮುದ್ರತಳದ ಕಂದಕಗಳನ್ನೂ ಚಿತ್ರ ತೆಗೆಯಬೇಕಾದ ಸ್ಥಳಗಳನ್ನೂ ಗುರುತಿಸಿರುವ ಕಾಗದ.

ಸಾಮೀಪ್ಯ ಸೂಚಕ: ನೌಕೆಗೆ ಅಡ್ಡಲಾಗಿ ಏನಾದರೂ ಹತ್ತಿರವಾದಾಗ ಬೀಪ್ ಎಂದು ಸದ್ದು ಮಾಡುತ್ತದೆ. ಅಂತರ ಕಡಿಮೆಯಾದಂತೆ ಸದ್ದು ತ್ವರಿತವಾಗುತ್ತದೆ. ಕಾರುಗಳನ್ನು ಹಿಂದಕ್ಕೆ ತೆಗೆಯುವಾಗ ಕೇಳಿಬರುವ ಎಚ್ಚರಿಕೆಯ ಸದ್ದನ್ನು ಇದು ಹೋಲುತ್ತದೆ.

ಕ್ಯಾಮೆರಾ: ಗುಂಡಿ ಒತ್ತಿದಾಗ ನೌಕೆಯ ಹೊರಗಿನ ದೃಶ್ಯದ ಒಂದು ಸ್ಥಿರಚಿತ್ರ ಪರದೆಯ ಮೇಲೆ ಮೂಡುತ್ತದೆ. ಚಿತ್ರ ಬಣ್ಣವಿಲ್ಲದ್ದು, ಮಸುಕಾದದ್ದು. ಹೊರಜಗತ್ತನ್ನು ನೋಡಲು ಬೇರೆ ದಾರಿಯಿಲ್ಲ.

ಗಣಕ: ಹಿನ್ನೆಲೆಯ ಸಂಗತಿಗಳನ್ನು ಬರಹದ ರೂಪದಲ್ಲಿ ಇದರಲ್ಲಿ ಓದಬಹುದು.

ಆಟಗಾರರು ನಕ್ಷೆಯಲ್ಲಿ ಗುರಿಯ ಬಿಂದುವನ್ನು ನೋಡಿ, ತಾವಿರುವ ಬಿಂದುವಿನೊಡನೆ ಹೋಲಿಸಿ, ಎಷ್ಟು ಕೋನ ತಿರುಗಬೇಕೆಂದು ಲೆಕ್ಕ ಹಾಕಬೇಕು. ಗುರಿಯು ಎರಡೂ ಅಕ್ಷಗಳಲ್ಲಿ ಸಮಾನ ದೂರ ಮುಂದಿದ್ದರೆ 45 ಡಿಗ್ರಿ ಓರೆಯಾಗಿ ಸಾಗಬೇಕೆಂಬುದು ಪ್ರೌಢಶಾಲೆಯ ರೇಖಾಗಣಿತದಿಂದಲೇ ತಿಳಿಯುತ್ತದೆ. ಆದರೆ ನಡುವೆ ಬಂಡೆಯಿದ್ದರೆ ಸುತ್ತಿ ಹೋಗಬೇಕು. ಗೋಡೆಗೆ ತಗುಲಿದರೆ ನೌಕೆಗೆ ಅಪಾಯ. ಮಧ್ಯೆ ಬೆಂಕಿ ಹೊತ್ತಿಕೊಳ್ಳುವುದು, ಒಡಲಿನ ಬಿರುಕುಗಳಿಂದ ರಕ್ತ ಒಳಸೋರುವುದು ಮುಂತಾದ ಅವಘಡಗಳೂ ಸಂಭವಿಸುತ್ತವೆ. ಬೆಂಕಿಯನ್ನು ನಂದಿಸಲು ಅಗ್ನಿಶಾಮಕ ಸಿಲಿಂಡರ್ ಇದೆ. ರಕ್ಷಣೆಗೆ ಬೇರೆ ಯಾವ ಆಯುಧವೂ ಇಲ್ಲ.

ಗುಣಗಳು

ಕಾಣದುದರ ಭಯ

ಬಹುತೇಕ ಭಯಾನಕ ಆಟಗಳಲ್ಲಿ ಭಯಕ್ಕೆ ಕಾರಣವಾದ ಜೀವಿ ಕಣ್ಣಿಗೆ ಬೀಳುತ್ತದೆ, ಆಟಗಾರರು ಅದರಿಂದ ಓಡುತ್ತಾರೆ. ಒಂದೆರಡು ಬಾರಿ ಕಂಡ ಮೇಲೆ ಅದರ ರೂಪ ಪರಿಚಿತವಾಗಿ ಭಯ ಕುಗ್ಗುತ್ತದೆ. ಐರನ್ ಲಂಗ್‌ನಲ್ಲಿ ಆ ಪರಿಚಯಕ್ಕೆ ಅವಕಾಶವಿಲ್ಲ. ಕ್ಯಾಮೆರಾ ತೋರಿಸುವುದು ಆಗಲೇ ಕಳೆದುಹೋದ ಒಂದು ಕ್ಷಣವನ್ನು. ಚಿತ್ರದಲ್ಲಿ ಕಂಡ ಆಕೃತಿ ಈಗಲೂ ಅಲ್ಲಿಯೇ ಇದೆಯೇ, ಸರಿದು ಹೋಯಿತೇ, ಇನ್ನೂ ಹತ್ತಿರ ಬಂದಿತೇ ಎಂಬುದು ಮತ್ತೊಂದು ಚಿತ್ರ ತೆಗೆಯುವವರೆಗೆ ತಿಳಿಯದು. ಇದರಿಂದ ಚಿತ್ರ ತೆಗೆಯುವ ಸಾಮಾನ್ಯ ಕ್ರಿಯೆಯೇ ಅಂಜಿಕೆಯದಾಗುತ್ತದೆ. ಗುಂಡಿ ಒತ್ತುವವರು ಆಟಗಾರರೇ ಆದುದರಿಂದ, ಭಯವನ್ನು ತಾವೇ ಕೈಯಾರೆ ಬರಮಾಡಿಕೊಂಡಂತೆ ಅವರಿಗೆ ಅನ್ನಿಸುತ್ತದೆ.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ರಕ್ತದ ಸಮುದ್ರವೆಂಬ ಕಲ್ಪನೆ ಜುಗುಪ್ಸೆಯನ್ನು ಸ್ಥಾಯಿಯಾಗುಳ್ಳ ಬೀಭತ್ಸಕ್ಕೆ ಸೇರಬೇಕಾದುದು. ಆದರೆ ಆಟದ ಬಹುಭಾಗದಲ್ಲಿ ಆ ರಕ್ತ ಕಣ್ಣಿಗೆ ಬೀಳುವುದಿಲ್ಲ. ಲೋಹದ ಗೋಡೆಯಾಚೆ ಅದು ಇದೆಯೆಂಬ ತಿಳಿವಳಿಕೆಯಷ್ಟೇ ಇರುತ್ತದೆ. ಆದ್ದರಿಂದ ಇಲ್ಲಿ ಪ್ರಧಾನವಾಗಿ ನಿಲ್ಲುವುದು ಭಯಾನಕವೇ. ಹಿಂಸೆಯ ದೃಶ್ಯಗಳನ್ನು ರಾಶಿ ಹಾಕುವ ಆಟಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಶಬ್ದದ ಬಳಕೆ

ಕಣ್ಣಿಗೆ ಕೆಲಸ ಕಡಿಮೆಯಾದಾಗ ಕಿವಿ ಚುರುಕಾಗುತ್ತದೆ. ಲೋಹ ಒತ್ತಡಕ್ಕೆ ಸಿಲುಕಿ ನರಳುವುದು, ಯಂತ್ರದ ಗುಂಯ್‌ಗುಡುವಿಕೆ, ದೂರದಲ್ಲಿ ಏನೋ ಅಲುಗಿದಂತಹ ಸದ್ದು ಇವು ಆಟದ ಉದ್ದಕ್ಕೂ ಕೇಳಿಸುತ್ತವೆ. ಇವುಗಳಲ್ಲಿ ಯಾವುದು ನೌಕೆಯದು, ಯಾವುದು ಹೊರಗಿನದು ಎಂದು ಬೇರ್ಪಡಿಸುವುದು ಕಷ್ಟ. ಸಾಮೀಪ್ಯ ಸೂಚಕದ ಸದ್ದಂತೂ ಎರಡು ಅರ್ಥಗಳನ್ನು ಹೊತ್ತಿದೆ. ಆರಂಭದಲ್ಲಿ ಅದು ಬಂಡೆಯ ಬಗ್ಗೆ ಎಚ್ಚರಿಸುವ ಉಪಕಾರಿ. ನಕ್ಷೆಯಲ್ಲಿ ಬಂಡೆಯೇ ಇಲ್ಲದ ಬಯಲಿನಲ್ಲಿ ಅದೇ ಸದ್ದು ಕೇಳಿದಾಗ, ಹತ್ತಿರ ಬಂದಿರುವುದು ಬಂಡೆಯಲ್ಲ ಎಂದು ಆಟಗಾರರೇ ಊಹಿಸಿಕೊಳ್ಳಬೇಕಾಗುತ್ತದೆ. ಯಾವ ಪಾತ್ರವೂ ಮಾತಿನಲ್ಲಿ ಹೇಳದ ಸಂಗತಿಯನ್ನು ಉಪಕರಣವೊಂದು ಹೇಳಿಬಿಡುತ್ತದೆ.

ಕೆಲಸದ ಮೂಲಕ ಮೂಡುವ ತಲ್ಲೀನತೆ

ಕೋನ ಲೆಕ್ಕ ಹಾಕುವುದು, ಫಲಕದಿಂದ ಎದ್ದು ಕ್ಯಾಮೆರಾದ ಬಳಿಗೆ ಹೋಗುವುದು, ಮರಳಿ ಬರುವುದು ಇವು ಆಟಗಾರರ ಗಮನವನ್ನು ಸದಾ ಕೆಲಸದ ಮೇಲೆ ನಿಲ್ಲಿಸುತ್ತವೆ. ಹೀಗೆ ಮನಸ್ಸು ಲೆಕ್ಕದಲ್ಲಿ ಮುಳುಗಿರುವಾಗ ಬರುವ ಸಣ್ಣ ಸದ್ದೂ ದೊಡ್ಡದಾಗಿ ಬೆಚ್ಚಿಸುತ್ತದೆ. ಕೈದಿಗೆ ತರಬೇತಿ ಸಿಕ್ಕಿಲ್ಲ, ಆಟಗಾರರಿಗೂ ಸಿಕ್ಕಿಲ್ಲ. ಇಬ್ಬರೂ ಒಟ್ಟಿಗೇ ತಪ್ಪು ಮಾಡುತ್ತ ಕಲಿಯುತ್ತಾರೆ. ಪಾತ್ರದ ಸ್ಥಿತಿ ಮತ್ತು ಆಡುವವರ ಸ್ಥಿತಿ ಇಷ್ಟು ಹತ್ತಿರವಾಗುವುದು ವಿಡಿಯೊ ಆಟಗಳಲ್ಲಿಯೂ ವಿರಳ.

ಮಿತ ಸಾಧನಗಳ ಸದುಪಯೋಗ

ಚಿತ್ರಗಳ ಒರಟುತನ, ಒಂದೇ ಕೋಣೆಯ ರಂಗಸಜ್ಜು, ಮನುಷ್ಯ ಪಾತ್ರಗಳ ಅಭಾವ ಇವೆಲ್ಲ ಸಣ್ಣ ನಿರ್ಮಾಣದ ಅನಿವಾರ್ಯತೆಗಳೂ ಹೌದು. ಆದರೆ ತುಕ್ಕು ಹಿಡಿದ ನೌಕೆಯಲ್ಲಿ ಒಳ್ಳೆಯ ಕ್ಯಾಮೆರಾ ಇರುವುದಿಲ್ಲವೆಂಬುದು ಕಥೆಗೆ ಸಹಜ. ಹಾಗಾಗಿ ಮಸುಕು ಚಿತ್ರ ದೋಷವೆಂದು ತೋರುವುದಿಲ್ಲ. ಬಡತನಕ್ಕೆ ಕಥೆಯೊಳಗೇ ಕಾರಣ ಒದಗಿಸಿರುವುದು ಈ ಆಟದಿಂದ ಹೊಸ ರಚನಕಾರರು ಕಲಿಯಬಹುದಾದ ಪಾಠ.

ಕೊರತೆಗಳು

ಮರುಆಟಕ್ಕೆ ಅವಕಾಶವಿಲ್ಲದಿರುವುದು

ಆಟದ ಭಯವು ಮುಂದೇನೆಂಬುದು ತಿಳಿಯದಿರುವುದರ ಮೇಲೆ ನಿಂತಿದೆ. ಒಮ್ಮೆ ಮುಗಿಸಿದ ಮೇಲೆ ಯಾವ ಸ್ಥಳದಲ್ಲಿ ಯಾವ ಚಿತ್ರ, ಎಲ್ಲಿ ಬೆಂಕಿ, ಎಲ್ಲಿ ಅಂತ್ಯ ಎಂಬುದೆಲ್ಲ ತಿಳಿದುಬಿಡುತ್ತದೆ. ಎರಡನೆಯ ಬಾರಿ ಆಡುವವರಿಗೆ ಉಳಿಯುವುದು ನಿರ್ದೇಶಾಂಕಗಳ ಲೆಕ್ಕ ಮಾತ್ರ. ಬೇರೆ ಅಂತ್ಯಗಳಾಗಲಿ, ಬೇರೆ ಮಾರ್ಗದ ಕಥೆಯಾಗಲಿ ಇಲ್ಲ. ಯೂಟ್ಯೂಬ್‌ನಲ್ಲಿ ಬೇರೊಬ್ಬರು ಆಡಿದುದನ್ನು ಪೂರ್ತಿ ನೋಡಿದವರಿಗಂತೂ ಮೊದಲ ಬಾರಿಯೂ ಎರಡನೆಯ ಬಾರಿಯಂತೆಯೇ ಆಗುತ್ತದೆ. ಇಂಥ ಆಟಗಳಿಗೆ ಪ್ರಚಾರ ಕೊಡುವ ವಿಡಿಯೊಗಳೇ ಅವುಗಳ ಗುಟ್ಟನ್ನೂ ಹಂಚಿಬಿಡುತ್ತವೆ.

ಚಾಲನೆಯ ನಿಧಾನ

ನೌಕೆ ಬಹಳ ನಿಧಾನವಾಗಿ ಸಾಗುತ್ತದೆ. ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಸಂಖ್ಯೆಗಳು ಬದಲಾಗುವುದನ್ನು ನೋಡುತ್ತ ಕೂರುವುದೇ ಕೆಲಸವಾಗುವ ಹೊತ್ತುಗಳಿವೆ. ಆತಂಕದಲ್ಲಿರುವವರಿಗೆ ಈ ನಿಧಾನ ಆತಂಕವನ್ನು ಹೆಚ್ಚಿಸುತ್ತದೆ. ಆತಂಕ ಹುಟ್ಟದೇ ಹೋದವರಿಗೆ ಬೇಸರ ತರಿಸುತ್ತದೆ. ನಕ್ಷೆ ಮತ್ತು ಕೋನಗಳ ಲೆಕ್ಕ ಇಷ್ಟವಾಗದವರಿಗೆ ಆರಂಭದ ಹತ್ತು ನಿಮಿಷಗಳೇ ತೊಡಕಾಗಬಹುದು. ಭಯದ ಆಟವನ್ನು ಬಯಸಿ ಬಂದವರು ಲೆಕ್ಕದ ಪರೀಕ್ಷೆಗೆ ಕುಳಿತಂತೆ ಅನುಭವಿಸುವುದೂ ಉಂಟು.

ಕಥೆಯ ಹರಹು ಮತ್ತು ಅಪೂರ್ಣತೆ

ನಕ್ಷತ್ರಗಳು ಮಾಯವಾದುದು, ರಕ್ತದ ಸಮುದ್ರ, ಅಳಿದುಳಿದ ಮಾನವಕುಲ ಇವು ದೊಡ್ಡ ಕಾದಂಬರಿಗೆ ಸಾಲುವಷ್ಟು ವಸ್ತುಗಳು. ಆಟವು ಇವುಗಳನ್ನು ಆರಂಭದ ಪೀಠಿಕೆಯಲ್ಲಿಯೂ ಗಣಕದ ಬರಹಗಳಲ್ಲಿಯೂ ಸೂಚಿಸಿ ಬಿಟ್ಟುಬಿಡುತ್ತದೆ. ಅಸ್ಪಷ್ಟತೆಯೇ ಭಯಕ್ಕೆ ಪೋಷಕವೆಂಬ ವಾದ ಸರಿಯಾದರೂ, ಎರಡು ಬಗೆಯ ಅಸ್ಪಷ್ಟತೆಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ನೌಕೆಯ ಹೊರಗಿರುವುದೇನೆಂದು ತಿಳಿಯದಿರುವುದು ಆಟಕ್ಕೆ ಬಲ. ಕೈದಿ ಯಾರು, ಅವನ ಅಪರಾಧವೇನು, ಅವನನ್ನು ಕಳುಹಿಸಿದವರಿಗೆ ನಿಜವಾಗಿ ಬೇಕಾದುದೇನು ಎಂಬುದು ಬರಹದ ತುಣುಕುಗಳಾಚೆ ಬೆಳೆಯದಿರುವುದು ಬಲವಲ್ಲ. ಅವನ ಸಾವು ಆಟಗಾರರನ್ನು ಬೆಚ್ಚಿಸುತ್ತದೆಯೇ ಹೊರತು ಕಾಡುವುದಿಲ್ಲ.

ಅಂತ್ಯದ ಸ್ವರೂಪ

ಇಡೀ ಆಟ ಸಂಯಮದಿಂದ ಕಟ್ಟಿದ ಭಯವು ಕೊನೆಯಲ್ಲಿ ಥಟ್ಟನೆ ಬೆಚ್ಚಿಬೀಳಿಸುವ ಒಂದೇ ದೃಶ್ಯದಲ್ಲಿ ಸ್ಫೋಟಗೊಳ್ಳುತ್ತದೆ. ಕಾಣದುದನ್ನು ಕೊನೆಗೆ ಕಾಣಿಸಲೇಬೇಕೆಂಬ ಒತ್ತಾಯಕ್ಕೆ ರಚನಕಾರರು ಮಣಿದರೆಂಬ ಆಕ್ಷೇಪಕ್ಕೆ ಇದು ಎಡೆಮಾಡಿಕೊಡುತ್ತದೆ. ಈ ದೃಶ್ಯ ಬಾರದಿದ್ದರೆ ಅಲ್ಲಿಯವರೆಗಿನ ಬಿಗಿತಕ್ಕೆ ಬಿಡುಗಡೆಯೇ ಇರುತ್ತಿರಲಿಲ್ಲ ಎಂದು ಸಮರ್ಥಿಸಲೂಬಹುದು. ಆದರೆ ಆಟಗಾರರು ಎಷ್ಟೇ ಎಚ್ಚರದಿಂದ ನಡೆಸಿದರೂ ಫಲ ಒಂದೇ ಎಂಬುದು ಸತ್ಯ. ಅವರ ಜಾಣತನಕ್ಕೂ ಅಂತ್ಯಕ್ಕೂ ಸಂಬಂಧವಿಲ್ಲ. ಕೈದಿಯ ಅಸಹಾಯಕತೆಯನ್ನು ತೋರಿಸಲು ಇದು ತಕ್ಕುದಾದರೂ, ಆಟವೆಂಬ ಮಾಧ್ಯಮದ ದೃಷ್ಟಿಯಿಂದ ಕೊರತೆಯೇ.

ಅವಧಿ ಮತ್ತು ಬೆಲೆಯ ಪ್ರಶ್ನೆ

ಒಂದು ಗಂಟೆಯ ಆಟಕ್ಕೆ ಹಣ ಕೊಡಬೇಕೇ ಎಂಬುದು ಕಿರು ಆಟಗಳ ಬಗ್ಗೆ ಪದೇ ಪದೇ ಏಳುವ ಪ್ರಶ್ನೆ. ಓದುಗರು ಕಥಾಸಂಕಲನವನ್ನು ಕಾದಂಬರಿಯ ಪುಟಸಂಖ್ಯೆಯೊಡನೆ ಹೋಲಿಸಿ ಬೆಲೆ ಕಟ್ಟುವುದಿಲ್ಲ. ಆದರೆ ವಿಡಿಯೊ ಆಟಗಳ ಮಾರುಕಟ್ಟೆಯಲ್ಲಿ ಎಷ್ಟು ಗಂಟೆ ಆಡಬಹುದೆಂಬುದು ಬೆಲೆಯ ಅಳತೆಗೋಲಾಗಿ ಬಳಕೆಯಲ್ಲಿದೆ.

ಈ ಪ್ರಶ್ನೆಗೆ ರಚನಕಾರರ ಜೀವನೋಪಾಯದ ಮುಖವೂ ಇದೆ. ಗಣಕದ ಆಟಗಳನ್ನು ಮಾರುವ ಪ್ರಮುಖ ಜಾಲತಾಣವಾದ ಸ್ಟೀಮ್, ಖರೀದಿಸಿದ 14 ದಿನಗಳೊಳಗೆ ಮತ್ತು ಆಡಿದ ಸಮಯ 2 ಗಂಟೆಗಿಂತ ಕಡಿಮೆಯಿದ್ದಲ್ಲಿ ಹಣವನ್ನು ಮರಳಿಸುತ್ತದೆ. 2015ರಲ್ಲಿ ಜಾರಿಗೆ ಬಂದ ಈ ನಿಯಮ ಕೊಳ್ಳುವವರಿಗೆ ಒಳ್ಳೆಯ ರಕ್ಷಣೆ. ಕೆಲಸ ಮಾಡದ ಆಟವನ್ನು ಕೊಂಡು ಮೋಸಹೋಗುವುದು ಇದರಿಂದ ತಪ್ಪುತ್ತದೆ. ಆದರೆ ಎರಡು ಗಂಟೆಗಿಂತ ಚಿಕ್ಕದಾದ ಆಟವನ್ನು ಪೂರ್ತಿ ಆಡಿ, ಮೆಚ್ಚಿ, ಅನಂತರ ಹಣ ಹಿಂಪಡೆಯುವುದಕ್ಕೂ ಇದರಲ್ಲಿ ದಾರಿಯಿದೆ. 2021ರಲ್ಲಿ ಸಮ್ಮರ್ ಆಫ್ 58 ಎಂಬ ಕಿರು ಭಯಾನಕ ಆಟವನ್ನು ರಚಿಸಿದ ಎಮಿಕಾ ಗೇಮ್ಸ್, ಹೀಗೆ ಹಣ ಹಿಂಪಡೆದವರ ಸಂಖ್ಯೆ ಹೆಚ್ಚಾದುದರಿಂದ ಆಟ ರಚನೆಯಿಂದ ದೂರ ಸರಿಯುವುದಾಗಿ ಪ್ರಕಟಿಸಿತು. ಇದು ಆಗ ವ್ಯಾಪಕ ಚರ್ಚೆಗೆ ಕಾರಣವಾಯಿತು.

ಐರನ್ ಲಂಗ್ ಕೂಡ ಇದೇ ಮಿತಿಯೊಳಗೆ ಬರುವ ಆಟ. ಆದುದರಿಂದ ಅವಧಿಯನ್ನು ಕೊರತೆಯೆಂದು ಎಣಿಸುವಾಗ ಒಂದು ವಿಷಯವನ್ನು ಗಮನಿಸಬೇಕು. ಇದೇ ಆಟವನ್ನು ನಾಲ್ಕು ಗಂಟೆಗೆ ಎಳೆದಿದ್ದರೆ ಮಸುಕು ಚಿತ್ರಗಳೂ ಬೀಪ್ ಸದ್ದೂ ಅಭ್ಯಾಸವಾಗಿ ಭಯ ಕರಗುತ್ತಿತ್ತು. ಮಾರುಕಟ್ಟೆಯ ಲೆಕ್ಕದಲ್ಲಿ ಕಡಿಮೆಯಾದ ಅವಧಿಯು ಕೃತಿಯ ಲೆಕ್ಕದಲ್ಲಿ ಸರಿಯಾದ ಅವಧಿಯೇ ಆಗಿದೆ. ಕೊರತೆಯಿರುವುದು ಗಂಟೆಗಳಲ್ಲಿ ಅಲ್ಲ, ಆ ಒಂದು ಗಂಟೆಯಲ್ಲಿ ಕೈದಿಯ ಪಾತ್ರಕ್ಕೆ ದೊರೆತ ಸ್ಥಳದಲ್ಲಿ.

ಟೈಟನ್ ದುರಂತ ಮತ್ತು ಆಟ

2023ರ ಜೂನ್ 18ರಂದು ಓಷನ್‌ಗೇಟ್ ಸಂಸ್ಥೆಯ ಟೈಟನ್ ಎಂಬ ವಾಹನವು ಐವರನ್ನು ಹೊತ್ತು, ಸುಮಾರು 3,800 ಮೀಟರ್ ಆಳದಲ್ಲಿರುವ ಟೈಟಾನಿಕ್ ಹಡಗಿನ ಅವಶೇಷವನ್ನು ನೋಡಲು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಇಳಿಯಿತು. ಇಳಿಯತೊಡಗಿ ಎರಡು ಗಂಟೆ ತುಂಬುವ ಮೊದಲೇ ಸಂಪರ್ಕ ಕಡಿದುಹೋಯಿತು. ಒಳಗಿರುವವರಿಗೆ ಇನ್ನೆಷ್ಟು ಗಂಟೆಗಳ ಆಮ್ಲಜನಕ ಉಳಿದಿದೆ ಎಂಬ ಲೆಕ್ಕವನ್ನು ಪ್ರಪಂಚದ ಸುದ್ದಿವಾಹಿನಿಗಳು ದಿನವಿಡೀ ಹೇಳುತ್ತಿದ್ದವು. ಜೂನ್ 22ರಂದು ಅವಶೇಷಗಳು ದೊರೆತವು. ವಾಹನವು ಹೊರಗಿನ ಒತ್ತಡದಿಂದ ಒಳಕ್ಕೆ ಕುಸಿದು, ಐವರೂ ಮೃತರಾದರೆಂದು ಅಮೆರಿಕದ ಕರಾವಳಿ ಕಾವಲು ಪಡೆ ತಿಳಿಸಿತು.

ಈ ವಾಹನಕ್ಕೂ ಆಟದ ನೌಕೆಗೂ ಇದ್ದ ಹೋಲಿಕೆಗಳನ್ನು ಜನ ಗುರುತಿಸದೆ ಇರಲಿಲ್ಲ. ಟೈಟನ್‌ನ ಬಾಗಿಲನ್ನೂ ಹೊರಗಿನಿಂದ ಬೋಲ್ಟುಗಳಿಂದ ಬಿಗಿಯಲಾಗಿತ್ತು, ಒಳಗಿದ್ದವರು ತಾವಾಗಿ ತೆರೆಯುವಂತಿರಲಿಲ್ಲ. ಒಳಗಿನ ಜಾಗ ಅತ್ಯಂತ ಇಕ್ಕಟ್ಟಾಗಿತ್ತು. ಅದನ್ನು ನಡೆಸಲು ಬಳಸುತ್ತಿದ್ದುದು ಅಂಗಡಿಗಳಲ್ಲಿ ದೊರೆಯುವ ವಿಡಿಯೊ ಆಟದ ನಿಯಂತ್ರಕ. ವ್ಯತ್ಯಾಸಗಳೂ ಇದ್ದವು. ಟೈಟನ್‌ಗೆ ಕಿಟಕಿಯಿತ್ತು, ಅದರಲ್ಲಿದ್ದವರು ಶಿಕ್ಷೆಗೆ ಒಳಗಾದವರಲ್ಲ.

ಆ ದಿನಗಳಲ್ಲಿ ಐರನ್ ಲಂಗ್‌ನ ಮಾರಾಟ ಇದ್ದಕ್ಕಿದ್ದಂತೆ ಏರಿತು. ಶಿಮಾನ್ಸ್ಕಿ ಅವರು ಮಾರಾಟದ ರೇಖಾಚಿತ್ರವನ್ನು ಟ್ವಿಟರ್‌ನಲ್ಲಿ ಹಂಚಿಕೊಂಡು, ಇದು ತಮಗೆ ಸರಿಯೆನಿಸುತ್ತಿಲ್ಲವೆಂಬ ಭಾವವನ್ನು ವ್ಯಕ್ತಪಡಿಸಿದರು. ತಾವು ಊಹಿಸಬಲ್ಲ ಅತ್ಯಂತ ಘೋರ ಸ್ಥಿತಿಯನ್ನೇ ಆಟಕ್ಕೆ ಆರಿಸಿಕೊಂಡಿದ್ದಾಗಿಯೂ, ನಿಜವಾದ ಮನುಷ್ಯರು ಅದೇ ಸ್ಥಿತಿಯಲ್ಲಿ ಸಿಲುಕಿದ್ದಾರೆಂಬುದು ಭೀಕರವೆಂಬುದಾಗಿಯೂ ಅವರು ಹೇಳಿದರು.

ಕೃತಿಯ ಮೌಲ್ಯಮಾಪನಕ್ಕೆ ಈ ಪ್ರಸಂಗ ಹೊಸದೊಂದು ಪ್ರಶ್ನೆಯನ್ನು ಸೇರಿಸಿತು. ಆಟವು ದುರಂತಕ್ಕಿಂತ ಒಂದು ವರ್ಷಕ್ಕೂ ಮೊದಲೇ ಬಂದುದರಿಂದ, ಸಾವನ್ನು ಲಾಭಕ್ಕೆ ಬಳಸಿಕೊಂಡಿತೆಂಬ ಆರೋಪ ಅದಕ್ಕೆ ತಗುಲುವುದಿಲ್ಲ. ಕೊಂಡವರೆಲ್ಲ ಕ್ರೂರ ಕುತೂಹಲದಿಂದಲೇ ಕೊಂಡರೆಂದೂ ಹೇಳಲಾಗದು. ಆ ಐವರ ಸ್ಥಿತಿ ಹೇಗಿದ್ದಿರಬಹುದೆಂದು ಅರಿಯುವ ಬಯಕೆಯೂ ಅದರಲ್ಲಿ ಇದ್ದಿರಬಹುದು. ಆದರೆ ಆಟದಲ್ಲಿ ನೌಕೆ ಒಡೆದ ಮೇಲೆ ಆಟಗಾರರು ಕುರ್ಚಿಯಿಂದ ಎದ್ದು ನೀರು ಕುಡಿಯಬಹುದು. ಭಯಾನಕ ಕೃತಿಯ ಸವಿ ನಿಂತಿರುವುದೇ ಈ ಅಂತರದ ಮೇಲೆ. ಆ ವಾರ ಅನೇಕರಿಗೆ ಆ ಅಂತರ ಕಡಿಮೆಯಾದಂತೆ ತೋರಿತು. ಆಟದ ಮುಖ್ಯ ಗುಣವಾದ ನೈಜತೆಯೇ ಆಗ ಅದನ್ನು ಆಡಲು ಮುಜುಗರವಾಗುವಂತೆ ಮಾಡಿತು.

ಚಲನಚಿತ್ರ

ಮಾರ್ಕಿಪ್ಲೈಯರ್ ಎಂಬ ಹೆಸರಿನಿಂದ ಯೂಟ್ಯೂಬ್‌ನಲ್ಲಿ ಪ್ರಸಿದ್ಧರಾದ ಮಾರ್ಕ್ ಫಿಶ್‌ಬಾಕ್ ಅವರು 2022ರಲ್ಲಿ ಈ ಆಟವನ್ನು ಆಡಿದ ವಿಡಿಯೊವನ್ನು ಪ್ರಕಟಿಸಿದ್ದರು. ಇದನ್ನು ಚಲನಚಿತ್ರವಾಗಿಸುವ ಯೋಜನೆಯನ್ನು ಅವರು 2023ರಲ್ಲಿ ಪ್ರಕಟಿಸಿದರು. ಚಿತ್ರಕಥೆ ಮತ್ತು ನಿರ್ದೇಶನದ ಜೊತೆಗೆ ಮುಖ್ಯ ಪಾತ್ರವನ್ನೂ ಅವರೇ ವಹಿಸಿದರು, ಬಂಡವಾಳವನ್ನೂ ತಾವೇ ಹೂಡಿದರು. ದೊಡ್ಡ ಸಂಸ್ಥೆಗಳ ಆಸರೆಯಿಲ್ಲದೆ ಹುಟ್ಟಿದ ಆಟ ಅದೇ ರೀತಿಯಲ್ಲಿ ಚಲನಚಿತ್ರವೂ ಆಯಿತು. ಚಿತ್ರವು 2026ರ ಜನವರಿ 30ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು.

ಆಟವನ್ನು ಚಿತ್ರವಾಗಿಸುವುದರಲ್ಲಿ ಒಂದು ತೊಡಕು ಸಹಜವಾಗಿಯೇ ಇತ್ತು. ಆಟದಲ್ಲಿ ಕ್ಯಾಮೆರಾದ ಗುಂಡಿಯನ್ನು ಒತ್ತುವ ಬೆರಳು ಆಡುವವರದು. ಚಿತ್ರಮಂದಿರದಲ್ಲಿ ಕುಳಿತವರು ಬೇರೊಬ್ಬ ಒತ್ತುವುದನ್ನು ನೋಡಬೇಕು. ಅಲ್ಲಿ ಪ್ರೇಕ್ಷಕರನ್ನು ಹಿಡಿದಿಡಬೇಕಾದವನು ಕೈದಿಯೇ. ಆಟದಲ್ಲಿ ತುಣುಕುಗಳಲ್ಲೇ ಉಳಿದಿದ್ದ ಆ ಪಾತ್ರವನ್ನು ಬೆಳೆಸುವುದು ಹೀಗಾಗಿ ಚಿತ್ರಕ್ಕೆ ಅನಿವಾರ್ಯವಾಯಿತು.